ಚೀಟಿಯಡಿಯ ಕುರಿಬಾವಿ

ನಾನು ಹೆಳವರ ಹೊತ್ತಿಗೆ. ಎತ್ತಿನ ಮೇಲೆ ಊರೂರು ತಿರುಗಿ ಮನೆಮನೆಯ ವಂಶ ಓದಿ ಹೇಳುವ ಹೆಳವರ ಸಾಬಣ್ಣ ತನ್ನ ಕೈಯಾರೆ ನನ್ನನ್ನು ಹೊಲಿದ. ದಪ್ಪ ಹಾಳೆ, ಕೆಂಪು ಬಟ್ಟೆಯ ರಟ್ಟು. ನದಿಮೂಲ, ಋಷಿಮೂಲ ಕೇಳಬಾರದು ಅನ್ನುತ್ತಾರೆ. ನನಗೋ ಮೂಲ ಹೇಳುವುದೇ ಕಸುಬು.

ಸಾಬಣ್ಣ ಮೊದಲು ಊರು ಬರೆಯುತ್ತಿದ್ದ, ಆಮೇಲೆ ಮನುಷ್ಯರನ್ನು. ಎತ್ತಿನ ಬೆನ್ನ ಮೇಲೆ ತೂಗಾಡುತ್ತ ಜೊಂಪು ಹತ್ತಿದಾಗ ಆ ಊರುಗಳು ನನ್ನೊಳಗೆ ಎದ್ದು ಓಡಾಡುತ್ತಿದ್ದವು. ಯಕ್ಕಿಗುಂಡಿಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರು, ಕುರಿಬಾವಿಯಲ್ಲಿ ಯಾರೋ ಕೊಡ ಇಳಿಸುತ್ತಿದ್ದರು.

ಸಾಬಣ್ಣ ತೀರಿಕೊಂಡ ಮೇಲೆ ಅಣೆಕಟ್ಟು ಬಂತು. ಆ ಎರಡೂ ಊರು ನೀರಿನಲ್ಲಿ ಮುಳುಗಿದವು. ಎರಡರ ಜನರನ್ನೂ ಗುಡ್ಡದ ಮೇಲಿನ ಹೊಸೂರಿಗೆ ತಂದಿಟ್ಟರು. ಸಾಬಣ್ಣನ ಮಗ ಭೀಮಶಿ, "ಇಲ್ಲದ ಊರಿನ ಹೆಸರು ಯಾಕ ಹೊತ್ತು ತಿರಗೂದು?" ಎಂದು ಹಳೆಯ ಹೆಸರುಗಳ ಮೇಲೆಲ್ಲ ಗಂಜಿ ಹಚ್ಚಿ, 'ಹೊಸೂರು' ಎಂಬ ಚೀಟಿ ಅಂಟಿಸಿದ. ನನಗೆ ಉಸಿರು ಕಟ್ಟಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಪುಣ್ಯಾತ್ಮ.

ಇಪ್ಪತ್ತು ವರ್ಷ ಕಳೆದವು. ಕುರಿಬಾವಿ ಬಿಟ್ಟು ಹೊಸೂರಿಗೆ ಬಂದಿದ್ದ ಕಾಶವ್ವನ ಮೊಮ್ಮಗಳು ರೇಣವ್ವನಿಗೆ ಸೊಲ್ಲಾಪುರದ ಚನಮಲ್ಲ ಮನಸ್ಸಿಗೆ ಬಂದಿದ್ದ. ಅವನ ಮುತ್ತಜ್ಜ ಯಾವುದೋ ಕಾಲದಲ್ಲಿ ಗಿರಣಿ ಕೆಲಸಕ್ಕೆ ಹೋದವನು. ತಮ್ಮ ಮೂಲ ಯಾವುದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವೀಳ್ಯದ ದಿನ ಭೀಮಶಿ ಆ ಮುತ್ತಜ್ಜನ ಹೆಸರು ಹಿಡಿದು ಹುಡುಕಿ, ಎರಡೂ ವಂಶ ಓದಿದ. ಹುಡುಗಿಯ ಮೂಲಪುರುಷ ಹೊಸೂರಿನ ಸಂಗಪ್ಪ. ಹುಡುಗನ ಮೂಲಪುರುಷನೂ ಹೊಸೂರಿನ ಸಂಗಪ್ಪ!

ಕಾಶವ್ವ ವೀಳ್ಯದ ತಟ್ಟೆ ಹಿಂದಕ್ಕೆಳೆದುಕೊಂಡಳು. "ಒಂದ ಬಳ್ಳಿ ಕಾಯಿ ಇವು. ಅಣ್ಣ-ತಂಗಿ ಆಗತಾರ. ಈ ಮದವಿ ಬ್ಯಾಡ."

ಚನಮಲ್ಲ ತಲೆ ತಗ್ಗಿಸಿದ. ರೇಣವ್ವ ಮಾತ್ರ ಎದ್ದು ಬಂದು ನನ್ನೆದುರು ಕೂತಳು. "ಕಾಕಾ, ಹೊಸೂರಿಗೆ ಎರಡು ಊರಿನ ಮಂದಿ ಬಂದಾರ. ಇವರ ಸಂಗಪ್ಪ ಅದರಾಗ ಯಾವ ಊರಾಂವ?"

ಭೀಮಶಿ ಹಾಳೆ ತಿರುವಿ ನೋಡಿದ. ಯಾವ ಚೀಟಿಯಡಿ ಯಾವ ಊರಿತ್ತೋ ಅವನಿಗೇ ನೆನಪಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಬಾಯಿರಲಿಲ್ಲ. ಆ ಸಂಕಟ ವೈರಿಗೂ ಬೇಡ.

ರೇಣವ್ವ ಸೆರಗಿನ ತುದಿ ನೀರಲ್ಲಿ ಅದ್ದಿ, ಹಸುಗೂಸಿನ ಮುಖ ಒರೆಸುವಂತೆ ಹುಡುಗನ ವಂಶದ ಮೇಲಿನ ಚೀಟಿ ಒರೆಸಿದಳು. ಹಾಳೆ ಹರಿದೀತೆಂದು ಎಲ್ಲರೂ ಹತ್ತಿರ ಬಂದು ಬಗ್ಗಿದರು. ಚೀಟಿ ಮೆಲ್ಲಗೆ ಮೇಲೆದ್ದಿತು.

"ಯಕ್ಕಿಗುಂಡಿ," ಎಂದು ಭೀಮಶಿ ಓದಿದ. "ಸಂಗಪ್ಪ ಬ್ಯಾರೆ, ಊರು ಬ್ಯಾರೆ. ತಪ್ಪು ನಂದು, ಆಯಿ."

ತಟ್ಟೆ ಮತ್ತೆ ಮುಂದಕ್ಕೆ ಬಂತು. ರೇಣವ್ವ ಈಗ ಅತ್ತಳು.

ಆ ವರ್ಷ ಭೀಮಶಿ ಎಲ್ಲ ಚೀಟಿಗಳನ್ನೂ ಬಿಡಿಸಿ, ಹಳೆಯ ಹೆಸರಿನ ಪಕ್ಕದಲ್ಲಿ 'ಈಗ ಹೊಸೂರು' ಎಂದು ಸಣ್ಣಗೆ ಬರೆದ. ಈಗ ನಾನು ಮುದಿಯಾಗಿದ್ದೇನೆ, ಹೊಲಿಗೆ ಬಿಚ್ಚಿದೆ. ಊರು ತಿರುಗಲು ಹೊಸ ಹೊತ್ತಿಗೆಯಿದೆ. ಭೀಮಶಿಯ ಮನೆಯ ಗೂಡಿನಲ್ಲಿ ಮಲಗಿ ಮುಳುಗಿದ ಊರುಗಳ ಕನಸು ಕಾಣುತ್ತೇನೆ. ಬರೆದಿಟ್ಟ ಊರಿಗೆ ನೀರು ನುಗ್ಗುವುದಿಲ್ಲ ಎಂಬುದೊಂದೇ ನನ್ನ ಸಮಾಧಾನ.

ಮೊನ್ನೆ ಕಾಶವ್ವ ಕೋಲೂರಿಕೊಂಡು ಬಂದಳು. ಓದು ಬಾರದವಳು. "ನಮ್ಮೂರು ಎಲ್ಲೈತಿ ತೋರಸು," ಎಂದಳು. ಭೀಮಶಿ ಅವಳ ಕೈ ಹಿಡಿದು ಕುರಿಬಾವಿಯ ಮೇಲಿಟ್ಟ. ಆಕೆ ಕಣ್ಣು ಮುಚ್ಚಿ, ಕಾಲಿನ ಚಪ್ಪಲಿ ಬಿಟ್ಟಳು.