ಹೊಸ ಮಳೆ ನೀರು, ಮಾರಕ್ಕನ ಬದನೆ ಪೈರು

ಗರುಡಾಚಾರ್‌ಪಾಳ್ಯದ ಮಾರಕ್ಕನ ಒಟ್ಲಿನಲ್ಲಿ ಸಾವಿರದ ಒಂಬೈನೂರ ನಲವತ್ನಾಲ್ಕನೇ ಇಸವಿಯಲ್ಲಿ ಬದನೆ ಪೈರು ಎರಡು ಸಲ ಸತ್ತಿತು.

ಒಟ್ಲು ಎಂದರೆ ಬೀಜ ಚೆಲ್ಲಿ ಪೈರು ಎಬ್ಬಿಸುವ ಸಣ್ಣ ಪಾತಿ. ಮಾರಕ್ಕನ ಪೈರು ನೆಟ್ಟವರು ತಕ್ಷಣ ಎರಡು ಹೆಜ್ಜೆ ಹಿಂದೆ ಸರಿಯಬೇಕಿತ್ತು, ಇಲ್ಲದಿದ್ದರೆ ಸರ್ರನೆ ಎದ್ದ ಗಿಡ ಗದ್ದಕ್ಕೆ ತಗಲುತ್ತಿತ್ತು. ಆ ಬೀಜ ಅವಳ ತಾಯಿ ಕೊಟ್ಟದ್ದು. ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಸಗಣಿಯಲ್ಲಿ ಕಲಸಿ, ಬಿಲ್ಲೆ ತಟ್ಟಿ ಗೋಡೆಗೆ ಅಂಟಿಸಿದ್ದಳು. ಇದ್ದದ್ದು ಮೂರು ಬಿಲ್ಲೆ. ಈಗ ಉಳಿದದ್ದು ಒಂದು.

ಯುದ್ಧ ಶುರುವಾದ ಮೇಲೆ ಊರಿನ ಪಡುವಲಿಗೆ ಒಂದು ಎರಕದ ಶೆಡ್ಡು ಎದ್ದಿತ್ತು. ಅದರ ಚಿಮಣಿ ದಿನವಿಡೀ ಕಲ್ಲಿದ್ದಲಿನ ಹೊಗೆ ಉಗುಳುತ್ತಿತ್ತು. ಅದರಡಿ ಮೇದು ಬಂದ ತಮ್ಮದೇ ಬಿಳಿ ಹಸುವನ್ನು ನೆರೆಮನೆಯ ಚಲುವಯ್ಯನ ಹೆಂಡತಿ ಯಾರದೋ ಎಮ್ಮೆ ಎಂದು ಅಟ್ಟಿಬಿಟ್ಟಳು. ಮೂರು ಸಲ ಮೈ ತೊಳೆದ ಮೇಲೆಯೇ ಹಸುವಿಗೆ ಕೊಟ್ಟಿಗೆಯೊಳಗೆ ಪ್ರವೇಶ ಸಿಕ್ಕಿತು.

ಮಾರಕ್ಕ ಮಾತ್ರ ಹೊಗೆಯ ಕಡೆ ನೋಡಲಿಲ್ಲ.

"ಯಾರ್ದೋ ಕೆಟ್ಟ ಕಣ್ಣು ಬಿದ್ದೈತೆ," ಎಂದು ಒಟ್ಲಿನ ಸುತ್ತ ಹಳೇ ಮೆಟ್ಟುಗಳನ್ನು ಕಟ್ಟಿದಳು. ಎಷ್ಟು ಕಟ್ಟಿದಳೆಂದರೆ, ಕೆ.ಆರ್. ಪುರದ ಕಡೆ ಹೊರಟಿದ್ದ ಇಬ್ಬರು ದಾರಿಹೋಕರು ನಿಂತು ಒಂದು ಜೊತೆಗೆ ಎಷ್ಟು ಎಂದು ಕೇಳಿದರು.

"ನನ್ ಬಲಗಾಲಿನ ಮೆಟ್ಟೂ ಅಲ್ಲೇ ತೂಗ್ತೈತಲ್ಲೇ," ಎಂದ ಗಂಡ ಮುನಿವೆಂಕಟಪ್ಪ. "ಸಂತೆಗೆ ನಾನು ಒಂಟಿ ಕಾಲಲ್ಲಿ ಹೋಗ್ಲಾ?"

"ಪೈರೇ ಇಲ್ದಿರೋವಾಗ ಸಂತೆಗೋಗಿ ಏನ್ ಮಾರ್ತೀಯ, ನಿನ್ ಮೀಸೇನಾ?"

ಮುನಿವೆಂಕಟಪ್ಪ ಮೀಸೆ ಮುಟ್ಟಿ ನೋಡಿಕೊಂಡ.

ಮಾರಕ್ಕನ ಮನೆಯಲ್ಲಿ ಒಂದು ವಾಡಿಕೆಯಿತ್ತು. ಬೇಸಿಗೆಯಲ್ಲಿ ಬರುವ ಭರಣಿ ಮಳೆಯ ಮೊದಲ ನೀರನ್ನು ಅವರು ಪೋಲು ಮಾಡುತ್ತಿರಲಿಲ್ಲ. ತಗಡಿನ ಸೂರಿನಿಂದ ಇಳಿದದ್ದನ್ನು ದೊಡ್ಡ ಮಣ್ಣಿನ ಬಾನಿಗೆ ಹಿಡಿದು, ಅದನ್ನೇ ಒಟ್ಲಿಗೆ ಚಿಮುಕಿಸುತ್ತಿದ್ದರು. ಆ ವರ್ಷ ಮೊದಲ ಸಲ ಚೆಲ್ಲಿದ ಬೀಜ ಮೊಳೆತು ಎರಡೆಲೆ ಬಿಟ್ಟಾಗ ಹೊಸ ಮಳೆ ನೇರ ಮೇಲೆ ಬಿತ್ತು. ಎಲೆಗಳ ಮೇಲೆ ಸುಟ್ಟಂತೆ ಕಂದು ಚುಕ್ಕೆ ಎದ್ದು, ಪೈರು ಸತ್ತಿತು. ಎರಡನೇ ಸಲದ ಪೈರಿಗೆ ಬಾನಿ ನೀರು ಹಾಕಿದಳು. ಅದು ಬೆರಳೆತ್ತರಕ್ಕೆ ನಿಂತು, ಹಳದಿಯಾಗಿ, ಮಲಗಿತು.

ಆ ವಾರ ಬೆಂಗಳೂರಿನ ದಂಡು ಪ್ರದೇಶದಿಂದ ಚಾಂದ್ ಬೀ ಬಂದಳು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಸೀರೆಗೆ ಬಣ್ಣ ಹಾಕುವವಳು. ಮಳೆ ನೀರಿನಲ್ಲಿ ಬಣ್ಣ ಚೆನ್ನಾಗಿ ಹಿಡಿಯುತ್ತದೆಂದು ಹಿಂದಿನ ವಾರ ಮಾರಕ್ಕನ ಬಾನಿಯಿಂದ ಎರಡು ಕೊಡ ನೀರು ಒಯ್ದಿದ್ದಳು.

"ಏನ್ ನೀರು ಕೊಟ್ಟೆ ಮಾರಕ್ಕ ನಂಗೆ?" ಎಂದು ಗಂಟು ಬಿಚ್ಚಿ ಸೀರೆಯೊಂದನ್ನು ಹರಡಿದಳು. "ಅಚ್ಚ ಕೆಂಪು ಹಾಕಿದ್ದು ಇದು. ನೋಡು."

ಸೀರೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ನಿನ್ ಒಟ್ಲಲ್ಲಿ ಬರ್ದಿರೋ ಬದ್ನೆ ನನ್ ಸೀರೆ ಮ್ಯಾಲೆ ಬಂದೈತೆ." ಚಾಂದ್ ಬೀ ನಗಲಿಲ್ಲ. "ಈ ಕೆಂಪಿಗೆ ಹುಳಿ ತಾಕಿದ್ರೆ ಹಿಂಗಾಗ್ತದೆ. ನಿನ್ ನೀರು ಹುಳಿ."

"ಗಂಗಮ್ಮನ್ನ ಹುಳಿ ಅಂತೀಯಾ? ಮೊದ್ಲು ಬಾಯಿ ತೊಳ್ಕೋ!"

"ತೊಳ್ಕೊಂತೀನಿ, ಬಾವಿ ನೀರು ಕೊಡು. ಬಾನೀದು ಬ್ಯಾಡ."

ಬಾಯಿ ತೊಳೆದು, ನಾಲ್ಕು ಕೆಂಪು ದಾಸವಾಳ ಕೇಳಿದಳು. ಎಸಳು ಕಿವುಚಿ ಬಿಸಿನೀರಿನಲ್ಲಿ ಬಿಟ್ಟು, ಆ ರಸವನ್ನು ಮೂರು ಬಟ್ಟಲಿಗೆ ಸುರಿದಳು. ಒಂದಕ್ಕೆ ಹುಣಸೆ ನೀರು ಹಾಕಿದಳು. ರಸ ಹೊಳೆಯುವ ಗುಲಾಬಿ ಬಣ್ಣವಾಯಿತು. ಇನ್ನೊಂದಕ್ಕೆ ಬಾವಿ ನೀರು ಹಾಕಿದಳು. ಅದು ಮಂಕು ನೇರಳೆಯಾಗಿಯೇ ಉಳಿಯಿತು. ಮೂರನೆಯದಕ್ಕೆ ಬಾನಿ ನೀರು.

ಮುನಿವೆಂಕಟಪ್ಪ ಬಗ್ಗಿ ನೋಡಿದ. "ಇದೂ ಹುಣಸೇದಂಗೇ ಐತಲ್ಲೇ."

"ನಮ್ಮವ್ವ ನಲವತ್ತು ವರ್ಷ ಹೊಸ ಮಳೆ ನೀರೇ ಹಾಕಿದ್ಳು," ಎಂದಳು ಮಾರಕ್ಕ. "ಅವಳ ಪೈರು ಯಾಕ್ ಸಾಯ್ಲಿಲ್ಲ?"

"ನಿಮ್ಮವ್ವನ ಕಾಲ್ದಾಗೆ ಆ ಚಿಮಣಿ ಇತ್ತಾ?"

ಮಾರಕ್ಕ ಪಡುವಲ ಕಡೆ ತಿರುಗಿದಳು.

"ನಮ್ ಗಲ್ಲಿ ದವಾಖಾನೆ ಕಾಂಪೌಂಡರ್ ಮಂಜೂರ್‌ನ ಕೇಳ್ಕೊಂಡೇ ಬಂದಿದೀನಿ," ಎಂದಳು ಚಾಂದ್ ಬೀ, ದನಿ ತಗ್ಗಿಸಿ. "ಕಲ್ಲಿದ್ದಲಲ್ಲಿ ಗಂಧಕ ಇರ್ತದಂತೆ. ಉರಿದ್ರೆ ಹೊಗೇಲಿ ಸೇರ್ತದೆ. ತಿಂಗಳುಗಟ್ಲೆ ಮಳೆ ಇಲ್ದಿದ್ರೆ ಗಾಳೀಲಿ, ನಿನ್ ತಗಡಿನ ಮ್ಯಾಲೆ, ಎಲ್ಲಾ ಕಡೆ ಕೂತಿರ್ತದೆ. ಮೊದಲ್ನೇ ಮಳೆ ಅದನ್ನ ತೊಳ್ಕೊಂಡು ಕೆಳಗೆ ಬರ್ತದೆ. ಎಳೇ ಎಲೆ ಸುಡ್ತದೆ. ಮಣ್ಣಿಗಿಳಿದ್ರೆ ಮಣ್ಣಿನ ಸಾರ ಹರಿದೋಗ್ತದೆ, ಬೇರು ಮುದುರ್ತದೆ. ಗಂಗಮ್ಮಂದು ತಪ್ಪಿಲ್ಲ ಮಾರಕ್ಕ. ಹೊಗೇದು."

"ಅದಕ್ಕೆ? ಮಳೆಗೆ ಕೊಡೆ ಹಿಡಿಯೋಕಾಗ್ತದಾ?" ಎಂದ ಮುನಿವೆಂಕಟಪ್ಪ.

"ಊರಿಗೆಲ್ಲ ಹಿಡಿಯೋಕಾಗಲ್ಲ. ಒಟ್ಲಿಗೆ ಹಿಡೀಬೋದಲ್ಲ."

ಮಾರಕ್ಕ ಗೋಡೆಯಿಂದ ಕೊನೆಯ ಬಿಲ್ಲೆ ಕಿತ್ತು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇದೂ ಹೋದ್ರೆ ನಮ್ಮವ್ವ ಇನ್ನೊಂದ್ಸಲ ಸತ್ತಂಗೆ," ಎಂದಳು.

ಮುನಿವೆಂಕಟಪ್ಪ ಎದ್ದು ಗುದ್ದಲಿ ತಂದ.

ಹಳೇ ಒಟ್ಲನ್ನು ಬಿಟ್ಟರು. ಚಿಮಣಿಗೆ ದೂರವಾಗಿ, ಮನೆಯ ಮೂಡಲಿಗೆ ಹೊಸ ಪಾತಿ ಮಾಡಿದರು. ಕೊಟ್ಟಿಗೆ ಗೊಬ್ಬರದ ಜೊತೆ ಜರಡಿ ಹಿಡಿದ ಸೌದೆ ಒಲೆಯ ಬೂದಿ ಸೇರಿಸಿದರು, ಒಂದೇ ಒಂದು ಹಿಡಿ ಸುಣ್ಣದ ಪುಡಿ ಬೆರೆಸಿದರು. ಹತ್ತು ದಿನ ಮಣ್ಣನ್ನು ಹಾಗೇ ಬಿಟ್ಟು ಬೀಜ ಚೆಲ್ಲಿದರು. ಹಾಕಿದ್ದು ಬಾವಿ ನೀರು ಮಾತ್ರ. ಮೋಡ ಕಟ್ಟಿದರೆ ತೆಂಗಿನ ಗರಿ ಮುಚ್ಚುತ್ತಿದ್ದರು. ತಗಡಿನ ನೀರು ಚರಂಡಿಗೆ ಹರಿದು ಹೋಗುವಾಗ ಮಾರಕ್ಕ ಬಾಗಿಲಲ್ಲಿ ಕೈ ಕಟ್ಟಿ ನಿಂತು ನೋಡುತ್ತಿದ್ದಳು. ಕಷ್ಟವಾಗುತ್ತಿತ್ತು. ಆದರೆ ಬಾನಿ ಇಡಲಿಲ್ಲ.

ಎಂಟನೇ ದಿನ ಮೊಳಕೆ ಬಂತು. ಮುನಿವೆಂಕಟಪ್ಪ ತನ್ನ ಉಸಿರು ತಗಲೀತೆಂದು ಮೂರು ದಿನ ಆ ಕಡೆ ಉಸಿರೇ ಬಿಡಲಿಲ್ಲ. ತಿಂಗಳಾದ ಮೇಲೆ ಮಾರಕ್ಕ ಒಂದೊಂದೇ ಎಲೆ ಮಗುಚಿ ನೋಡಿದಳು. ಚುಕ್ಕೆ ಇರಲಿಲ್ಲ. ನಲವತ್ಮೂರು ಪೈರು ನೆಟ್ಟಗೆ ನಿಂತಿದ್ದವು. ಅವಳು ಅಲ್ಲೇ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಊರಿನವರು ಒಟ್ಟಾಗಿ ಹೋಗಿ ಶೆಡ್ಡಿನ ಮೇಸ್ತ್ರಿಗೂ ಹೊಗೆಯ ವಿಷಯ ಹೇಳಿದರು. ಯುದ್ಧ ಮುಗಿಯಲಿ ಎಂದ. ಯುದ್ಧಕ್ಕೆ ಅವಸರವಿರಲಿಲ್ಲ, ಪೈರಿಗೆ ಇತ್ತು. ಅದಕ್ಕೇ ಅವರು ತಿಂಗಳಿಗೊಮ್ಮೆ ಹೋಗಿ ಹೇಳುತ್ತಲೇ ಇದ್ದರು. ಆ ಸಲದ ಬೀಜವನ್ನು ಮಾರಕ್ಕ ತಾನೊಬ್ಬಳೇ ಇಟ್ಟುಕೊಳ್ಳಲಿಲ್ಲ, ಐದು ಮನೆಗೆ ಹಂಚಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ತೋಟದ ಹತ್ತಿರವೂ ಇಟ್ಟಿಗೆ ಗೂಡೋ, ರೈಲು ಶೆಡ್ಡೋ, ಎರಕದ ಕುಲುಮೆಯೋ ಇದ್ದೀತು. ಇದ್ದರೆ ವರ್ಷದ ಮೊದಲ ಮಳೆಗಳ ಸೂರಿನ ನೀರನ್ನು ಪೈರಿಗೆ ಹಾಕಬೇಡಿ, ಹರಿದು ಹೋಗಲಿ. ಎಳೇ ಪೈರಿಗೆ ಗರಿ ಮುಚ್ಚಿ. ಮಣ್ಣಿಗೆ ಸೌದೆ ಬೂದಿ ಕೊಡಿ, ಕಲ್ಲಿದ್ದಲಿನ ಬೂದಿ ಬೇಡ. ಸಂಶಯವಿದ್ದರೆ ಹಿತ್ತಲಿನ ದಾಸವಾಳವನ್ನೇ ಕೇಳಿ, ಅದು ಸುಳ್ಳು ಹೇಳುವುದಿಲ್ಲ. ಹೊಗೆ ಬಿಡುವವರನ್ನು ಒಬ್ಬೊಬ್ಬರೇ ಕೇಳಬೇಡಿ, ಊರೇ ಒಟ್ಟಾಗಿ ಹೋಗಿ ಕೇಳಿ.

ಈ ಕೆಲಸ ಈ ಮಳೆಗಾಲಕ್ಕೇ ಮಾಡಿ. ಮಾರಕ್ಕನ ಮನೆಯಲ್ಲಿ ಒಂದು ಬಿಲ್ಲೆಯಾದರೂ ಉಳಿದಿತ್ತು. ನಿಮ್ಮ ಗೋಡೆಯ ಮೇಲೆ ಎಷ್ಟಿವೆ, ಈಗಲೇ ಎದ್ದು ನೋಡಿ.