ಒಂದು ಗೆರೆಯೋ, ಎರಡೋ

ನಲವತ್ತಾರು ವರ್ಷದ ಹೆಂಗಸನ್ನು ಯಾರಾದರೂ ಪುಟ್ಟಿ ಎಂದು ಕರೆಯುತ್ತಾರೆಯೇ? ಅಕ್ಕ ಕರೆಯುತ್ತಿದ್ದಳು. ಅಕ್ಕ ಕರೆಯುತ್ತಾಳೆಂದು ವೀಕ್ಷಣಾಲಯದ ಕಾವಲುಗಾರನೂ ಬೆನ್ನ ಹಿಂದೆ ಪುಟ್ಟಿ ಮೇಡಂ ಎನ್ನುತ್ತಿದ್ದ. ಗುಡ್ಡದ ಮೇಲಿನ ಆ ವೀಕ್ಷಣಾಲಯದಲ್ಲಿ ಜೋಡಿ ನಕ್ಷತ್ರಗಳ ವಿಷಯಕ್ಕೆ ಬಂದರೆ ಅಕ್ಕನದೇ ಕೊನೆಯ ಮಾತು. ಪುಟ್ಟಿ ಅಕ್ಕನ ಕಣ್ಣು. ಇದು ಚೆಂದಕ್ಕೆ ಹೇಳಿದ ಮಾತಲ್ಲ. ಅಕ್ಕನ ದೃಷ್ಟಿ ಮಂಜಾಗತೊಡಗಿದಾಗ ಒಂದೆರಡು ತಿಂಗಳು ಇದ್ದು ಹೋಗುತ್ತೇನೆಂದು ಬಂದವಳು, ತಂದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಹದಿನಾಲ್ಕು ವರ್ಷವಾಗಿತ್ತು. ಈಗ ಅಕ್ಕನಿಗೆ ಕಿಟಕಿ ಯಾವ ಕಡೆಗಿದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಕಾಣುತ್ತಿತ್ತು.

ಹೋದಲ್ಲೆಲ್ಲ ಅಕ್ಕನ ಎಡಗೈ ಪುಟ್ಟಿಯ ಬಲ ಮೊಣಕೈ ಮೇಲೆ. ಅಂಗಳಕ್ಕೆ, ಕ್ಯಾಂಟೀನಿಗೆ, ಸಭೆಗೆ, ಬಚ್ಚಲಿನ ಬಾಗಿಲವರೆಗೂ. ಸಂಸ್ಥೆಯವರು ತರಿಸಿಕೊಟ್ಟ ಬಿಳಿ ಕೋಲು ಅಳತೆ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡಿಕೊಂಡು ಧೂಳು ತಿನ್ನುತ್ತಿತ್ತು. ತನಗೆ ಕೋಲೇಕೆ, ಪುಟ್ಟಿ ಇಲ್ಲವೇ ಎಂದು ಅಕ್ಕ ಕೇಳಿದಾಗ ಎಲ್ಲರೂ ಮೆಚ್ಚಿ ತಲೆದೂಗಿದ್ದರು. ಮೆಚ್ಚುವವರಿಗೇನು, ಮೊಣಕೈ ಅವರದಲ್ಲವಲ್ಲ. ಒಬ್ಬ ಸಹಾಯಕಿಯನ್ನು ನೇಮಿಸೋಣವೆಂದು ನಿರ್ದೇಶಕರು ಎರಡು ಸಲ ಕೇಳಿದ್ದರು. ಎರಡು ಸಲವೂ ಅಕ್ಕ ಬೇಡವೆಂದಿದ್ದಳು. ಪುಟ್ಟಿಯನ್ನು ಯಾರೂ ಕೇಳಿರಲಿಲ್ಲ.

ಅಕ್ಕ ಹೊಸಬರಿಗೆಲ್ಲ ಹೇಳುವ ಪಾಠವೊಂದಿತ್ತು. ಒಂಟಿ ನಕ್ಷತ್ರದ ತೂಕ ನೆಟ್ಟಗೆ ಯಾರಿಗೂ ಸಿಗುವುದಿಲ್ಲ, ಅಂದಾಜು ಅಷ್ಟೆ. ಜೊತೆಗೆ ಇನ್ನೊಂದಿದ್ದು, ಅದು ಇದನ್ನು ಎಳೆದು ಇದು ಅದನ್ನು ಎಳೆದು ಸುತ್ತುತ್ತಿದ್ದರೆ ಮಾತ್ರ ಆ ಎಳೆತದಿಂದ ಇಬ್ಬರ ತೂಕವೂ ಗೊತ್ತಾಗುತ್ತದೆ. ಪಾಠ ಮುಗಿಸುವಾಗ ಅಕ್ಕ ಪುಟ್ಟಿಯ ಮೊಣಕೈಯನ್ನು ಸಣ್ಣಗೆ ಅದುಮುತ್ತಿದ್ದಳು. ಕೇಳುವವರು ನಗುತ್ತಿದ್ದರು, ಪುಟ್ಟಿಯೂ ನಗುತ್ತಿದ್ದಳು. ಈಚೆಗೆ ನಗುವುದನ್ನು ಬಿಟ್ಟಿದ್ದಳು.

ಅಕ್ಕ ಪ್ರಾಣಕ್ಕಿಂತ ಹೆಚ್ಚಾಗಿ ನೋಡಿಕೊಂಡಿದ್ದು ಒಂದು ಜೋಡಿಯನ್ನು. ಎರಡೂ ಒಂದೇ ಹೊಳಪಿನವು, ಅಚ್ಚು ಹಾಕಿದಂತಹ ಅವಳಿಗಳು. ಇಪ್ಪತ್ತೆರಡು ವರ್ಷಕ್ಕೊಮ್ಮೆ ಅವು ಹತ್ತಿರ ಹತ್ತಿರ ಬಂದು ದೂರದರ್ಶಕದಲ್ಲೂ ಒಂದೇ ಚುಕ್ಕೆಯಾಗಿ ಕಂಡು, ಆಮೇಲೆ ಮತ್ತೆ ಬೇರೆಯಾಗುತ್ತಿದ್ದವು. ತೊಡಕಿದ್ದದ್ದು ಅಲ್ಲೇ. ಒಂದೇ ಬಣ್ಣದ ಕೋಟು ತೊಟ್ಟ ಇಬ್ಬರು ಆಚೆ ಈಚೆಯಿಂದ ಬಂದು ಕಂಬದ ಹಿಂದೆ ಮರೆಯಾಗಿ, ಮತ್ತೆ ಆಚೆ ಈಚೆ ಕಾಣಿಸಿಕೊಂಡರೆನ್ನಿ. ಇಬ್ಬರೂ ಬಂದ ಕಡೆಗೇ ತಿರುಗಿದರೋ, ಒಬ್ಬರನ್ನೊಬ್ಬರು ದಾಟಿ ಹೋದರೋ? ತಿರುಗಿದ್ದರೆ ಇಪ್ಪತ್ತೆರಡು ವರ್ಷಕ್ಕೆ ಒಂದು ಸುತ್ತು ಪೂರ್ತಿ. ದಾಟಿದ್ದರೆ ಆಗಿರುವುದು ಅರ್ಧ ಸುತ್ತು ಮಾತ್ರ, ಉಳಿದರ್ಧಕ್ಕೆ ಇನ್ನೂ ಇಪ್ಪತ್ತೆರಡು ವರ್ಷ ಬೇಕು.

ಅಕ್ಕನ ಲೆಕ್ಕ ತಿರುಗುತ್ತವೆ ಎಂಬುದರ ಮೇಲೆ ನಿಂತಿತ್ತು. ಪುಟ್ಟಿಯ ಬದುಕೂ ಅದರ ಮೇಲೆಯೇ ನಿಂತಿತ್ತು. ಬಂದ ಹೊಸದರಲ್ಲಿ, ಎಷ್ಟು ದಿನ ಇರಬೇಕೆಂದು ಅವಳು ಕೇಳಿದಾಗ, ಈ ಜೋಡಿಯ ಸುತ್ತು ಮುಗಿಯುವ ತನಕ ಇರು, ಆಮೇಲೆ ನಿನ್ನನ್ನು ಯಾರೂ ತಡೆಯುವುದಿಲ್ಲ ಎಂದು ಅಕ್ಕ ಮಾತು ಕೊಟ್ಟಿದ್ದಳು. ಆ ವರ್ಷ ಇದೇ ವರ್ಷ.

ಹೋಗುವುದಾದರೂ ಎಲ್ಲಿಗೆ? ಅದಕ್ಕೂ ಉತ್ತರ ಸಿಕ್ಕಿತ್ತು. ಮಸೂರಗಳನ್ನು ಪರೀಕ್ಷಿಸಲು ವರ್ಷಕ್ಕೊಮ್ಮೆ ಗುಡ್ಡ ಹತ್ತಿ ಬರುತ್ತಿದ್ದ ಕನ್ನಡಕದವರು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವರು, ರೈಲಿನಲ್ಲಿ ಒಂದು ಹಗಲಿನಷ್ಟು ದೂರದ ಬಂದರು ಪಟ್ಟಣದಲ್ಲಿ ಹೊಸ ಕನ್ನಡಕದ ಅಂಗಡಿ ಇಡುವವರಿದ್ದರು. ಅಂಗಡಿಗೂ ಮನೆಗೂ ಜೊತೆಯಾಗುತ್ತೀರಾ ಎಂದು ಪುಟ್ಟಿಯನ್ನು ಕೇಳಿದ್ದರು. ಸುತ್ತು ಮುಗಿಯಲಿ ಎಂದಿದ್ದಳು. ನಕ್ಷತ್ರದ ಹತ್ತಿರ ರಜೆ ಕೇಳುವ ಹೆಂಗಸು ಈ ಲೋಕದಲ್ಲಿ ನೀವೊಬ್ಬರೇ ಎಂದು ಅವರು ನಕ್ಕು, ಆದರೂ ಕಾದರು. ಈ ತಿಂಗಳು ಹೊರಡುವವರಿದ್ದರು. ಇನ್ನೂ ಕಾಯಿರಿ ಎನ್ನಲು ಪುಟ್ಟಿಗೆ ಮುಖವಿರಲಿಲ್ಲ.

ತಿರುಗಿದವೋ ದಾಟಿದವೋ ಎಂದು ಹೇಳಬಲ್ಲ ಸಾಧನ ಹಿಂದಿನ ಸಲ ಅಲ್ಲಿರಲಿಲ್ಲ, ಈ ಸಲ ಇತ್ತು. ನಕ್ಷತ್ರದ ಬೆಳಕನ್ನು ಪಟ್ಟಿಯಾಗಿ ಹರಡಿದರೆ ಅದರಲ್ಲಿ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರ ನಮ್ಮ ಕಡೆ ಬರುತ್ತಿದ್ದರೆ ಗೆರೆ ಒಂದು ಕಡೆ ಸರಿಯುತ್ತದೆ, ದೂರ ಹೋಗುತ್ತಿದ್ದರೆ ಇನ್ನೊಂದು ಕಡೆ. ಅಕ್ಕ ಎಣಿಸಿದಂತೆ ಅವಳಿಗಳು ಸಮೀಪಿಸಿ ರಭಸದಿಂದ ತಿರುಗುತ್ತಿದ್ದರೆ, ಒಂದು ಇತ್ತ ನುಗ್ಗಿ ಒಂದು ಅತ್ತ ಓಡಿ ಗೆರೆ ಒಡೆದು ಎರಡಾಗಬೇಕು. ಒಂದರ ಮುಂದೆ ಒಂದು ಅಡ್ಡಕ್ಕೆ ದಾಟುತ್ತಿದ್ದರೆ ಗೆರೆ ಒಂದೇ. ರಾತ್ರಿ ಬೆಳಕು ಹಿಡಿಯುವುದು ಯಂತ್ರದ ಕೆಲಸ, ಹಗಲಲ್ಲಿ ಅದನ್ನು ಅಳೆಯುವುದು ಪುಟ್ಟಿಯ ಕೆಲಸ.

ಆ ಬೆಳಿಗ್ಗೆ ಅಳತೆ ಕೋಣೆಯ ಪರದೆಗಳು ಎಂದಿನಂತೆ ಮುಚ್ಚಿದ್ದವು. ಹದಿನಾಲ್ಕು ವರ್ಷ ಆ ಪರದೆಗಳ ಹಿಂದೆಯೇ ಅವಳ ಹಗಲುಗಳು ಕಳೆದಿದ್ದವು. ಅಕ್ಕ ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಪುಟ್ಟಿ ಮಾನಿಟರಿನಲ್ಲಿ ಚಿತ್ರವನ್ನು ತೆರೆದಳು, ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಕನ್ನಡಕ ಒರೆಸಿಕೊಂಡು ನೋಡಿದಳು. ಎಷ್ಟು ಒರೆಸಿದರೇನು, ಇಲ್ಲದ್ದು ಬಂದೀತೇ?

ಗೆರೆ ಒಂದೇ ಇತ್ತು. ತೆಳ್ಳಗೆ, ನೇರವಾಗಿ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಒಂದೇ.

ಇನ್ನೂ ಇಪ್ಪತ್ತೆರಡು ವರ್ಷ. ಆಗ ಅವಳಿಗೆ ಅರವತ್ತೆಂಟು.

"ಒಂದಾ, ಎರಡಾ?" ಎಂದು ಅಕ್ಕ ಕೇಳಿದಳು.

ಕೋಣೆಯಲ್ಲಿ ಕಣ್ಣಿದ್ದವಳು ಒಬ್ಬಳೇ. ಎರಡೆಂದರೆ ಎರಡು, ಅಷ್ಟೇ. ಯಾರೂ ಬಂದು ಇಣುಕುವುದಿಲ್ಲ. ಕೆಲವು ವರ್ಷಗಳಲ್ಲಿ ಬೇರೆ ವೀಕ್ಷಣಾಲಯದವರು ತಪ್ಪೆಂದು ತೋರಿಸಿಯೇ ತೋರಿಸುತ್ತಾರೆ, ಅಕ್ಕನ ಹೆಸರು ಮಣ್ಣುಪಾಲಾಗುತ್ತದೆ. ಅಷ್ಟರಲ್ಲಿ ತಾನು ಬಂದರು ಪಟ್ಟಣದಲ್ಲಿ ಯಾರದೋ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿರುತ್ತೇನೆ. ಇದನ್ನೆಲ್ಲ ಯೋಚಿಸಿ ಮುಗಿಸುವ ಮೊದಲೇ ಅವಳ ಬಾಯಿ ಮಾತಾಡಿಬಿಟ್ಟಿತ್ತು.

"ಎರಡು, ಅಕ್ಕ."

ಅಕ್ಕ ಉಸಿರು ಬಿಟ್ಟಳು. ನಡುವಿನ ಅಂತರ ಎಷ್ಟೆಂದು ಕೇಳಿದಳು. ಕೇಳದೆ ಇರುತ್ತಾಳೆಯೇ? ಅಂತರದಿಂದ ವೇಗ, ವೇಗದಿಂದ ತೂಕ. ಅಕ್ಕನಿಗೆ ಬೇಕಿದ್ದದ್ದೇ ಅದು. ಬಾಯಿಗೆ ಬಂದ ಅಂಕಿ ಹೇಳಿದರೆ ತೂಕ ಎಲ್ಲೆಲ್ಲಿಗೋ ಹೋಗಿ, ಹೊಳಪಿಗೆ ತಾಳೆಯಾಗದೆ ಸಿಕ್ಕಿಬೀಳುತ್ತೇನೆಂದು ಪುಟ್ಟಿಗೆ ಗೊತ್ತಿತ್ತು. ಆದ್ದರಿಂದ ಜಾಣತನ ಮಾಡಿದಳು. ಅಕ್ಕ ಎಂದೋ ಲೆಕ್ಕ ಹಾಕಿ, ಬರಬಹುದು ಎಂದಿದ್ದ ಅಂಕಿಯನ್ನೇ ಎತ್ತಿ ಹೇಳಿದಳು.

ಅಕ್ಕ ಹೆಬ್ಬೆರಳನ್ನು ಬೆರಳುಗಳ ಗೆಣ್ಣಿನ ಮೇಲೆ ಆಡಿಸುತ್ತ ಮನಸ್ಸಿನಲ್ಲೇ ಗುಣಿಸಿದಳು. ಬೆರಳು ನಿಂತಿತು. ಟೀ ಲೋಟವನ್ನು ತಡವಿ ಮೇಜಿನ ಮೇಲಿಟ್ಟಳು.

"ನನ್ನ ಲೆಕ್ಕ ಇಷ್ಟು ಸರಿಯಾಗಿ ಯಾವತ್ತೂ ಬಂದಿಲ್ಲ ಪುಟ್ಟಿ," ಎಂದಳು.

ಮೂವತ್ತು ವರ್ಷ ಆಕಾಶ ಅಳೆದವಳಿಗೆ ಅಷ್ಟು ಸಾಕು. ನಿಜವಾದ ಅಳತೆ ಯಾವಾಗಲೂ ಅಲ್ಲಿ ಕೂದಲೆಳೆ, ಇಲ್ಲಿ ಕೂದಲೆಳೆ ತಪ್ಪಿಯೇ ಬರುತ್ತದೆ. ಚುಕ್ಕೆಗೆ ಚುಕ್ಕೆ ಕೂಡಿ ಬರುವುದು ಕಟ್ಟಿದ ಸುಳ್ಳು ಮಾತ್ರ. ಪುಟ್ಟಿ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ.

"ಎರಡು ಅಂತಲೇ ಬರಿ. ನಾನು ಸೈನ್ ಹಾಕ್ತೀನಿ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದಶಾಂಶದಾಚೆಯ ಒಂದು ಅಂಕಿ ತಪ್ಪಿದರೆ ಇಡೀ ವಾರ ಮುಖ ಗಂಟಿಕ್ಕುತ್ತಿದ್ದ ಅಕ್ಕ, ಗೊತ್ತಿದ್ದೂ ಸುಳ್ಳಿಗೆ ರುಜು ಹಾಕುತ್ತಾಳಂತೆ. ಪುಟ್ಟಿಗೆ ತಡೆದುಕೊಳ್ಳಲಾಗಲಿಲ್ಲ. ಗೆರೆ ಒಂದೇ ಇದೆ, ಹೋಗಬೇಕೆಂಬ ಆಸೆಗೆ ಹಾಗೆ ಹೇಳಿದೆ ಎಂದು ಅಳುತ್ತಲೇ ಒಪ್ಪಿಕೊಂಡಳು.

"ಗೊತ್ತು," ಎಂದಳು ಅಕ್ಕ. "ಇವತ್ತಲ್ಲ, ನೀನು ಬರೋ ಮುಂಚೆನೇ ಗೊತ್ತಿತ್ತು."

ಆಮೇಲೆ ಅಕ್ಕ ಹೇಳಿದ್ದು ಇದು. ಹಿಂದಿನ ಸಲ ಅವಳಿಗಳು ಒಂದಾಗುವ ಮೊದಲು ಅವಳ ಕಣ್ಣು ಇನ್ನೂ ಚೆನ್ನಾಗಿತ್ತು. ಎರಡರಲ್ಲಿ ಒಂದು ಇಷ್ಟೇ ಇಷ್ಟು ಕೆಂಪು ಎಂದು ಅವಳಿಗೆ ಅನ್ನಿಸುತ್ತಿತ್ತು. ಯಾವ ಸಾಧನಕ್ಕೂ ಅದು ಸಿಕ್ಕುತ್ತಿರಲಿಲ್ಲ. ಒಂದಾಗುವ ಮುನ್ನ ಆ ಕೆಂಪು ಎಡಗಡೆ ಇತ್ತು, ಬೇರೆಯಾದ ಮೇಲೆ ಬಲಗಡೆ. ದಾಟಿದ್ದವು. ಆದರೆ ಅಳೆಯಲಾಗದ್ದನ್ನು ಬರೆಯಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು, ಪುಟ್ಟಿಗೂ ಅದನ್ನೇ ಕಲಿಸಿದ್ದಳು. ಆ ನಿಯಮದ ಮರೆಯಲ್ಲಿ ಅಡಗಿ ಕುಳಿತು ಅವಳು ತಂಗಿಗೆ ಮಾತು ಕೊಟ್ಟಿದ್ದಳು.

"ಮುಗಿಯಲ್ಲ ಅಂತ ಗೊತ್ತಿದ್ದೇ ಹಂಗೆ ಹೇಳ್ದೆ. ಕಣ್ಣು ಹೋಗ್ತಿತ್ತು. ತುಂಬಾ ಹೆದರಿಕೆ ಆಗಿತ್ತು ಪುಟ್ಟಿ."

ಪುಟ್ಟಿಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಬಾಗಿಲಿಲ್ಲದ ಕೋಣೆಯಲ್ಲಿ ಕೂರಿಸಿ, ಬಾಗಿಲು ತೆರೆಯುವ ದಿನಕ್ಕೆ ಕಾಯಿ ಎಂದಿದ್ದಳು ಅಕ್ಕ. ಇವಳೂ ಕಾದಳು, ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಕಾದಳು. ಪ್ರೀತಿಯಿಂದ ಇರು ಎಂದಿದ್ದರೆ ಇರುತ್ತಿದ್ದಳೋ ಏನೋ. ಈಗ ಅದನ್ನು ತಿಳಿಯುವ ದಾರಿಯೂ ಇರಲಿಲ್ಲ.

"ಹೆದರಿಕೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಕ್ಕ," ಎಂದಳು. ಅಕ್ಕ ತಲೆ ತಗ್ಗಿಸಿದಳು.

ಪುಟ್ಟಿ ಕಣ್ಣೊರೆಸಿಕೊಂಡು ವರದಿ ಬರೆದಳು. ಗೆರೆ ಒಂದೇ, ಅವಳಿಗಳು ದಾಟಿವೆ, ಸುತ್ತು ಅರ್ಧವಾಗಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ಅಕ್ಕನ ಬೆರಳನ್ನು ರುಜುವಿನ ಜಾಗದಲ್ಲಿಟ್ಟಳು. ಅಕ್ಕ ರುಜು ಹಾಕಿದಳು. ಪ್ರತಿಯೊಂದು ಜೋಡಿಗೂ ಮುಂದೆ ನೋಡಿಕೊಳ್ಳುವವರು ಯಾರೆಂದು ಕೊನೆಯಲ್ಲಿ ಹೆಸರು ಬರೆಯುವುದು ಅಲ್ಲಿನ ರೂಢಿ. ಅದು ಅಕ್ಕನಿಗೆ ನೆನಪಿತ್ತು.

"ಯಾರ ಹೆಸರು ಬರೆದೆ?"

"ಯಾರದ್ದೂ ಇಲ್ಲ."

ಅಕ್ಕ ಊಟದ ಹೊತ್ತಾಯಿತೆಂದು ಎದ್ದು, ಎಂದಿನಂತೆ ಎಡಗೈ ಚಾಚಿದಳು. ಆ ಕೈ ಗಾಳಿಯಲ್ಲಿ ಮೊಣಕೈಯನ್ನು ಹುಡುಕಿತು. ಪುಟ್ಟಿ ಬಾಗಿಲ ಹಿಂದೆ ಹೋದಳು, ಮೊಳೆಯಿಂದ ಬಿಳಿ ಕೋಲನ್ನು ತೆಗೆದಳು, ಧೂಳನ್ನು ತನ್ನ ಬಟ್ಟೆಗೇ ಒರೆಸಿ ಆ ಕೈಯಲ್ಲಿಟ್ಟಳು.

ಅಕ್ಕನ ಬೆರಳು ಕೋಲನ್ನು ಮೇಲಿಂದ ಕೆಳಗೆ ತಡವಿತು. ಅವಳು ಒಂದು ಹೆಜ್ಜೆ ಇಟ್ಟಳು, ಕೋಲು ಮೇಜಿನ ಕಾಲಿಗೆ ಬಡಿಯಿತು. ಬಲಕ್ಕೆ ತಿರುಗಿದಳು, ಕುರ್ಚಿಗೆ ಬಡಿಯಿತು. ಪುಟ್ಟಿ ಗೋಡೆಗೆ ಬೆನ್ನು ಕೊಟ್ಟು, ಓಡಿ ಹೋಗಿ ಹಿಡಿಯದಂತೆ ತನ್ನ ಮೊಣಕೈಗಳನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು ನಿಂತಳು. ಅಕ್ಕ ಬಾಗಿಲು ಸಿಗುವವರೆಗೂ ಬಡಿಯುತ್ತಲೇ ಹೋದಳು.