ಹಡಗಿನಲ್ಲಿ ಇಟ್ಟ ಎಡೆ

ನನ್ನ ಹೆಂಡತಿ ಬೀರಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಮಾಲೆ ಅಮಾವಾಸ್ಯೆಗೆ, ಅಂದರೆ ಮಹಾಲಯಕ್ಕೆ, ನಾನು ಮನೆಯಲ್ಲಿ ಇರಲಿಲ್ಲ. ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಈ ಮಾತು ಬಂದರೆ ಇವತ್ತಿಗೂ ಕೆಲವರು ಸುಮ್ಮನಾಗುತ್ತಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ನಾನೂ ಸುಮ್ಮನಾಗುತ್ತಿದ್ದೆ.

ನಮ್ಮ ಮನೆಯಲ್ಲಿ ಆ ದಿನ ಹಿರಿಯರಿಗೆ ಎಡೆ ಇಡಬೇಕಾದದ್ದು ಮನೆಯ ಹಿರಿಯನ ಕೈ. ನಡುಮನೆಯಲ್ಲಿ ಕಳಸ ಹೂಡಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ತೀರಿಕೊಂಡವರು ಇಷ್ಟಪಟ್ಟು ಉಣ್ಣುತ್ತಿದ್ದುದನ್ನು ಎಲೆಗೆ ಬಡಿಸುತ್ತೇವೆ. ಸಾಂಬ್ರಾಣಿ ಧೂಪ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ನಿಲ್ಲುತ್ತೇವೆ. ಅವರು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಮುದ್ದೆಯ ಮೇಲೆ ಗುರುತು ಬಿದ್ದಿದ್ದರೆ, ಅನ್ನ ಒಂದಿಷ್ಟು ಕದಲಿದ್ದರೆ, ಬಂದು ಉಂಡು ಹೋದರು ಎಂದು ಕೈ ಮುಗಿಯುತ್ತೇವೆ. ಕಳಸ ಮಾತ್ರ ಅಲುಗಬಾರದು. ಕಳಸ ಉರುಳಿದರೆ ಹೋದವರಿಗೆ ಇದ್ದವರ ಮೇಲೆ ಮುನಿಸು ಎಂದು ನನ್ನ ತಾಯಿ ಹೇಳುತ್ತಿದ್ದಳು.

ನಮಗೆ ಒಬ್ಬಳೇ ಮಗಳು, ಶಾಂತಲಾ. ಮಾಲ್ಟಾ ಎಂಬ ದ್ವೀಪದ ದೇಶದಲ್ಲಿ ಆಸ್ಪತ್ರೆಯ ನರ್ಸು. ಅಲ್ಲಿಂದ ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ವಾರ ಊರೂರು ಮುಟ್ಟಿಕೊಂಡು ಬರುವ ಚಿಕ್ಕ ಹಡಗಿನಲ್ಲಿ ನಮ್ಮಿಬ್ಬರಿಗೂ ತನಗೂ ಸೇರಿಸಿ, ಮೂರು ಹಾಸಿಗೆಯ ಒಂದು ಕೋಣೆಯನ್ನು ಸಂಕ್ರಾಂತಿಯ ಹೊತ್ತಿಗೇ ಗೊತ್ತುಮಾಡಿದ್ದಳು. ಹುಣಸೂರಿನ ಬಸ್ಸು ಹತ್ತುವಾಗ ಕೇಳುವ ಹಾಗೆ ಬೀರಮ್ಮ, ತನಗೆ ಕಿಟಕಿ ಪಕ್ಕದ್ದೇ ಬೇಕೆಂದು ಫೋನಿನಲ್ಲಿ ಹೇಳಿಟ್ಟಳು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅವಳಿಗೆ ಎದೆ ನೋವು ಬಂತು. ಮೈಸೂರಿನ ಆಸ್ಪತ್ರೆ ಮುಟ್ಟಲಿಲ್ಲ.

ಶಾಂತಲಾ ವಿಮಾನ ಬದಲಿಸಿಕೊಂಡು ಬರುವ ಹೊತ್ತಿಗೆ ಮಣ್ಣು ಆಗಿ ಹೋಗಿತ್ತು. ಬೇಸಿಗೆ, ಇಟ್ಟುಕೊಳ್ಳುವ ಹಾಗಿರಲಿಲ್ಲ. ಹಾಲು-ತುಪ್ಪದ ದಿನ ಅವಳು ಸಮಾಧಿಯ ಮುಂದೆ ನಿಂತು, ನಾನು ಒಂದು ಹಿಡಿ ಮಣ್ಣೂ ಹಾಕಲಿಲ್ಲ ಎಂದಳು. ಆಮೇಲೆ ಅದರ ಮಾತೇ ಎತ್ತಲಿಲ್ಲ. ಅಳಲೂ ಇಲ್ಲ. ಬಂದವರಿಗೆಲ್ಲ ಊಟ ಬಡಿಸಿ, ನನ್ನ ರಕ್ತದೊತ್ತಡ ನೋಡಿ, ರಜೆ ಮುಗಿಯಿತೆಂದು ಹೊರಟುಹೋದಳು. ದುಃಖ ಹೊರಗೆ ಬರದ ಮಕ್ಕಳನ್ನು ಕಂಡರೆ ನನಗೆ ಹೆದರಿಕೆ.

ಭಾದ್ರಪದದಲ್ಲಿ ಫೋನು ಮಾಡಿದಳು. ಹಡಗು ಹೊರಡುವ ವಾರದಲ್ಲೇ ಮಾಲೆ ಅಮಾವಾಸ್ಯೆ ಬೀಳುತ್ತದೆ. ಊರಿಗೆ ಬರಲು ಅವಳಿಗೆ ಮತ್ತೆ ರಜೆ ಇಲ್ಲ, ಇರುವುದು ಆ ಒಂದು ವಾರ. ಸಿರಾಕುಸಾ ಎಂಬ ಊರಿನಲ್ಲಿ ಹಡಗು ನಿಲ್ಲುತ್ತದೆ, ಅಲ್ಲಿ ಗೆಳತಿಯ ಮನೆಯ ಹಿತ್ತಿಲಲ್ಲಿ ಎಡೆ ಇಡೋಣ ಎಂದಳು. ಹಡಗಿನ ಒಳ್ಳೆಯದು ಕೆಟ್ಟದ್ದು ಎರಡನ್ನೂ ಮುಚ್ಚಿಡದೆ ಹೇಳಿದಳು. ದೊಡ್ಡ ಹಡಗು ಅಲುಗುವುದು ಕಡಿಮೆ, ವೈದ್ಯರಿರುತ್ತಾರೆ, ಆದರೆ ಸಂತೆಯ ಹಾಗೆ ಜನ. ಚಿಕ್ಕದರಲ್ಲಿ ಮೂವತ್ತು ಚಿಲ್ಲರೆ ಜನ, ದೊಡ್ಡವು ಹೋಗಲಾರದ ಸಣ್ಣ ಊರುಗಳಿಗೂ ಹೋಗುತ್ತದೆ. ಗಾಳಿ ಎದ್ದರೆ ಮಾತ್ರ ಹೊಟ್ಟೆ ತೊಳಸುತ್ತದೆ, ನಿಲ್ಲಬೇಕಾದ ಊರು ತಪ್ಪಿಯೂ ಹೋಗಬಹುದು. ನಾನು ಯೋಚಿಸುತ್ತೇನೆ ಎಂದೆ.

"ಅಪ್ಪ, ಅವ್ವನ ಆಸ್ಗೇನ ಬೇರೆ ಯಾರ್ಗೂ ಕೊಡಬ್ಯಾಡಿ ಅಂತ ಅವ್ರಿಗೆ ಯೋಳಿವ್ನಿ," ಎಂದು ಫೋನಿಟ್ಟಳು.

ನನ್ನ ತಮ್ಮ ಸಣ್ಣಬೀರಯ್ಯನಿಗೆ ಇದು ಸರಿಬರಲಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಸೌದೆ ಒಟ್ಟುತ್ತಿದ್ದವನು ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಓಗಬ್ಯಾಡ ಅನ್ನಕಿಲ್ಲ ಕಣಣ್ಣಯ್ಯ. ಮಗಳು ಕರೀತಾವ್ಳೆ," ಎಂದ. "ಆದ್ರೆ ಅತ್ಗೆಮ್ಮ ಎಲ್ಗೆ ಬತ್ತರೆ? ಅವ್ರಿಗೆ ಗೊತ್ತಿರದು ಈ ಒಸ್ಲು. ನೀರಿನ ಮ್ಯಾಲೆ ತೇಲೋ ಬಾಗ್ಲು ಯೆಂಗೆ ಗೊತ್ತಾದದು?"

ಅದೇ ಪ್ರಶ್ನೆ ನನ್ನೊಳಗೂ ಇತ್ತು.

ಬೀರಮ್ಮನ ತವರು ಹೆಗ್ಗಡದೇವನಕೋಟೆಯ ಆಚೆ, ಕಬಿನಿ ಹಿನ್ನೀರಿನ ಅಂಚು. ಅವರಿಗೂ ಒಂದು ಮಾತು ತಿಳಿಸಬೇಕೆಂದು ಹೋದೆ. ಅವಳ ತಮ್ಮ ಕುಳ್ಳಯ್ಯ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲೇ ಸಿಕ್ಕಿದ. ಅವನು ಬಹಳ ಕಾಲ ಹಿನ್ನೀರಿನಲ್ಲಿ ಮೀನು ಹಿಡಿದವನು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲ ಕೇಳಿದ.

"ದೊಡ್ಡಡಗು ಅಂದ್ರೆ ಮೈಸೂರಿದ್ದಂಗೆ ಬಾವ. ಯಾವನ್ ಬಿದ್ರೂ ಯಾವನ್ಗೂ ಗೊತ್ತಾಗಕಿಲ್ಲ. ಚಿಕ್ಕದು ತೆಪ್ಪ ಇದ್ದಂಗೆ. ಅಲ್ಲಾಡ್ತದೆ, ಇಲ್ಲ ಅನ್ನಕಿಲ್ಲ. ಆದ್ರೆ ಪಕ್ಕದೋನು ಕೆಮ್ಮುದ್ರೆ ಕೇಳ್ತದೆ." ಆಮೇಲೆ ಲೋಟ ಕೆಳಗಿಟ್ಟು ನನ್ನನ್ನು ನೋಡಿದ. "ಅಕ್ಕ ಅಡಗು ಅತ್ತೀನಿ ಅಂದಿದ್ಲಾ? ತೆಪ್ಪ ಅತ್ತುದ್ರೆ ಕೈಲಿರದು ಒಂದ್ನೂ ಉಳಿಸ್ತಿರ್ನಿಲ್ವಲ್ಲ ಅವ್ಳು. ನಿಮ್ ಮದ್ವೆ ಆದ್ ವರ್ಸ ಮೊಸರಿನ ಗಡಿಗೇನ ಒಳೆಗ್ ಉಣ್ಣಿಸಿದ್ದು ಗೆಪ್ತಿ ಅದಾ?"

ನೆನಪಿತ್ತು. ಆಗ ಆ ಕಡೆಗೆ ರಸ್ತೆಯಿರಲಿಲ್ಲ, ತೆಪ್ಪದಲ್ಲೇ ದಾಟಬೇಕು. ಅವಳು ಗಡಿಗೆಯನ್ನು ಕೆಳಗೂ ಇಡಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ತೆಪ್ಪ ಒಂದು ಸುತ್ತು ತಿರುಗಿತು, ಮೊಸರೆಲ್ಲ ನೀರಿಗೆ. ಅವಳು ದಡ ಮುಟ್ಟುವವರೆಗೂ ಹೊಳೆಯನ್ನು ಬಯ್ದಳು. ಅವಳು ಹೋದ ಮೇಲೆ ಮೊದಲ ಸಲ ನಾನೂ ಕುಳ್ಳಯ್ಯನೂ ನಕ್ಕೆವು. ನಕ್ಕದ್ದಕ್ಕೆ ಆಮೇಲೆ ಇಬ್ಬರಿಗೂ ಸಂಕೋಚವಾಯಿತು.

ಮನೆಯ ಹಿರಿಯರ ಎಡೆಯನ್ನು ತಮ್ಮನಿಗೆ ಬಿಟ್ಟೆ. ಬೀರಮ್ಮನ ಎಲೆಯೊಂದನ್ನು ನಾನು ತೆಗೆದುಕೊಂಡು ಹೊರಟೆ. ಒಣಗಿದ ಮುತ್ತುಗದೆಲೆ, ಒಂದು ತಂಬಿಗೆ, ರಾಗಿಹಿಟ್ಟು, ಸಾಂಬ್ರಾಣಿ, ಹುಣಸೂರಿನಲ್ಲಿ ತೆಗೆದ ಒಂದು ಹಸಿರು ಸೀರೆ. ನಮ್ಮ ಮನೆದೇವರು ಬೀರಪ್ಪನ ಗುಡಿಯ ಭಂಡಾರದ ಅರಿಶಿನವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಹಡಗು ಮಗಳು ಹೇಳಿದಂತೆಯೇ ಇತ್ತು. ಇಲ್ಲಿಂದ ಹೋಗಬೇಕೆನ್ನುವವರು ಕೇಳುತ್ತಾರೆಂದು ಬರೆಯುತ್ತೇನೆ. ಕೋಣೆಯಲ್ಲಿ ಇಬ್ಬರು ಎದ್ದು ನಿಂತರೆ ಮೂರನೆಯವರು ಕೂತಿರಬೇಕು. ಗೋಡೆ ತೆಳು, ಆಚೆಯವರ ಗೊರಕೆ ಕೇಳುತ್ತದೆ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕು, ಒಬ್ಬನೇ ಇರಬೇಕೆಂದರೆ ಜಾಗವಿಲ್ಲ. ಆದರೆ ಎರಡನೆಯ ದಿನಕ್ಕೇ ಅಡುಗೆಯವನಿಗೆ ನಾನು ಏನು ತಿನ್ನುವುದಿಲ್ಲ ಎಂಬುದು ತಿಳಿದಿತ್ತು. ಬೆಳಿಗ್ಗೆ ನಾನು ಸೂರ್ಯನಿಗೆ ಕೈ ಮುಗಿಯುವ ಜಾಗದಲ್ಲಿ ಯಾರೂ ಕುರ್ಚಿ ಹಾಕುತ್ತಿರಲಿಲ್ಲ. ನಮ್ಮ ಪಕ್ಕ ಕೂರುತ್ತಿದ್ದ ಒಬ್ಬ ಮುದುಕಿ, ಯಾವುದೋ ದೂರದ ದೇಶದವಳು, ಗಂಡನನ್ನು ಕಳೆದುಕೊಂಡವಳು. ಖಾಲಿ ಹಾಸಿಗೆ ಯಾರದೆಂದು ಶಾಂತಲಾಳನ್ನು ಕೇಳಿ ತಿಳಿದ ಮೇಲೆ, ದಿನವೂ ನನ್ನ ಕೈ ಮುಟ್ಟಿ ಹೋಗುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು.

ಅಮಾವಾಸ್ಯೆಯ ಬೆಳಿಗ್ಗೆ ಗಾಳಿ ಎದ್ದಿತು. ಸಿರಾಕುಸಾದ ಮನೆಗಳು ಕಣ್ಣಿಗೆ ಕಾಣುತ್ತಿದ್ದವು. ಕ್ಯಾಪ್ಟನ್ನು ಎಲ್ಲರನ್ನೂ ಕರೆದು, ಈ ಗಾಳಿಯಲ್ಲಿ ದಡಕ್ಕೆ ಹೋಗುವುದು ಅಪಾಯ, ಮುಂದಿನ ಊರಿಗೆ ನಡೆಯುತ್ತೇವೆ ಎಂದ. ಕೆಲವರು ಗೊಣಗಿದರು. ಶಾಂತಲಾ ಕಂಬಿ ಹಿಡಿದು ಆ ಮನೆಗಳು ಚಿಕ್ಕದಾಗುವುದನ್ನು ನೋಡುತ್ತ ನಿಂತಳು.

"ಇದ್ಕೂ ತಪ್ಪೋದೆ ನಾನು," ಎಂದಳು.

ಕೋಣೆಯಲ್ಲೇ ಇಡೋಣ ಎಂದೆ. ಕಿಟಕಿ ಪಕ್ಕದ ಹಾಸಿಗೆಯ ಮುಂದೆ. ಅದು ನಿಮ್ಮವ್ವನ ಜಾಗವೇ ಅಲ್ಲವೇ ಎಂದೆ.

ಅವಳು ಹೋಗಿ ಕ್ಯಾಪ್ಟನ್ನನ್ನು ಕೇಳಿ ಬಂದಳು. ಎಲ್ಲದಕ್ಕೂ ಒಪ್ಪಿದ, ಧೂಪಕ್ಕೆ ಮಾತ್ರ ಇಲ್ಲವೆಂದ. ಹಡಗಿನಲ್ಲಿ ಕಡ್ಡಿ ಗೀರುವ ಹಾಗಿಲ್ಲ. ಅವನು ಹೇಳಿದ್ದು ಸರಿ. ಬ್ಯಾರನ್ನಿಗೆ ಬೆಂಕಿ ಬಿದ್ದು ಬೂದಿಯಾದದ್ದನ್ನು ಕಂಡವನು ನಾನು, ಬೆಂಕಿಯ ವಿಷಯದಲ್ಲಿ ಹಟ ಮಾಡಲಾರೆ. ಆದರೆ ಹಿರಿಯರು ಬರುವುದು ಧೂಪದ ಹೊಗೆಯ ಜಾಡು ಹಿಡಿದು ಎಂದು ನಂಬಿ ಬೆಳೆದಿದ್ದೆ. ಹೊಸ್ತಿಲೂ ಇಲ್ಲ, ಹೊಗೆಯೂ ಇಲ್ಲ. ತಮ್ಮನ ಮಾತು ಕಿವಿಯಲ್ಲೇ ಇತ್ತು.

ಅಡುಗೆಯವನು ತನ್ನ ಒಲೆಯ ಒಂದು ಪಕ್ಕ ಬಿಟ್ಟುಕೊಟ್ಟ. ಶಾಂತಲಾ ಕೋಳಿ ಸಾರು ಮಾಡಿದಳು. ಕಟ್ಟಿಗೆಯ ಸೌಟು ಹಿಡಿದು, ಹಡಗು ವಾಲಿದ ಕಡೆಗೆಲ್ಲ ತಾನೂ ವಾಲುತ್ತ ರಾಗಿಹಿಟ್ಟು ತಿರುವಿದಳು. ಪಾತ್ರೆ ಜಾರದಂತೆ ಅವನು ಬಟ್ಟೆ ಸುತ್ತಿ ಹಿಡಿದುಕೊಂಡಿದ್ದ. ಮುದ್ದೆಯಲ್ಲಿ ಗಂಟು ಉಳಿಯಿತು. ಬೀರಮ್ಮ ಇದ್ದಿದ್ದರೆ ಒಂದು ಮಾತು ಅನ್ನದೆ ಬಿಡುತ್ತಿರಲಿಲ್ಲ.

ಹಾಸಿಗೆಯ ಮುಂದೆ ನೆಲ ಒರೆಸಿ, ತಂಬಿಗೆಯಲ್ಲಿ ಕಳಸ ಹೂಡಿ, ಭಂಡಾರ ಹಚ್ಚಿ, ಸೀರೆ ಮಡಿಸಿ ಇಟ್ಟೆ. ಸಾಂಬ್ರಾಣಿಯನ್ನು ಹಚ್ಚದೆ ಹಾಗೆಯೇ ಪಕ್ಕದಲ್ಲಿ ಇಟ್ಟೆ. ಬಿಸಿ ಮುದ್ದೆಯಿಂದ ಹಬೆ ಏಳುತ್ತಿತ್ತು. ಬೀರಪ್ಪ, ಇವತ್ತಿಗೆ ಇದನ್ನೇ ಧೂಪ ಅಂದುಕೊ, ನಮಗೆ ಬೇರೆ ದಾರಿಯಿಲ್ಲ ಎಂದು ಬೇಡಿಕೊಂಡೆ. ನಾನು ಹೆಸರು ಹಿಡಿದು ಕರೆದೆ. ಆಮೇಲೆ, ನೀನೂ ಕರೆ ಎಂದು ಮಗಳಿಗೆ ಹೇಳಿದೆ.

ಅವಳು ಖಾಲಿ ಹಾಸಿಗೆಯ ಸುಕ್ಕನ್ನು ಕೈಯಿಂದ ಸವರಿದಳು.

"ಅವ್ವ, ಬಾ," ಎಂದಳು. "ನಿನ್ ಕಿಟಕಿ ಪಕ್ಕದ ಜಾಗ ಇಲ್ಲೇ ಅದೆ."

ಬಾಗಿಲೆಳೆದು ಹೊರಗೆ ಬಂದೆವು. ಹೊರಗಿನ ಓಣಿ ಎಷ್ಟು ಕಿರಿದೆಂದರೆ ಎದುರಿಗೆ ಜನ ಬಂದರೆ ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಅಲ್ಲಿ ಆ ಮುದುಕಿ ನಿಂತಿದ್ದಳು. ಅಡುಗೆಯವನು ಒದ್ದೆ ಕೈ ಒರೆಸಿಕೊಂಡು ಬಂದು ಅವಳ ಹಿಂದೆ ನಿಂತ. ಆ ಕಡೆ ಹೋಗಬೇಕಾದ ಇನ್ನಿಬ್ಬರು ನಮ್ಮನ್ನು ನೋಡಿ ಅಲ್ಲೇ ನಿಂತರು. ಯಾರೂ ಏನೂ ಕೇಳಲಿಲ್ಲ. ಊರಿನಲ್ಲಿ ಜಗಲಿಯ ಮೇಲೆ ನಿಲ್ಲುತ್ತಿದ್ದಷ್ಟೇ ಜನ ಅಲ್ಲಿ ಸೇರಿದ್ದರು.

ಆಗ ಹಡಗು ಒಂದು ಕಡೆಗೆ ಜೋರಾಗಿ ವಾಲಿತು. ನಾವೆಲ್ಲ ಗೋಡೆ ಹಿಡಿದುಕೊಂಡೆವು. ಮುಚ್ಚಿದ ಬಾಗಿಲಿನ ಒಳಗೆ ತಂಬಿಗೆ ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿಸಿತು. ಆ ಗೋಡೆಯಿಂದ ಈ ಗೋಡೆಗೆ ಹೋಯಿತು, ತಿರುಗಿ ಬಂತು. ಶಾಂತಲಾ ನನ್ನ ತೋಳು ಹಿಡಿದುಕೊಂಡಳು. ಅವಳ ಅಜ್ಜಿ ಹೇಳುತ್ತಿದ್ದುದು ಅವಳಿಗೂ ಗೊತ್ತಿತ್ತು.

ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದೆವು. ಎಲೆ ಹಾಸಿಗೆಯ ಕೆಳಗೆ ಸರಿದಿತ್ತು. ಸಾರು ಚೆಲ್ಲಿತ್ತು, ಮುದ್ದೆ ಎರಡು ಹೋಳಾಗಿತ್ತು. ಕಳಸದ ನೀರೆಲ್ಲ ಹೊಸ ಸೀರೆಯ ಮೇಲೆ. ಬೆರಳ ಗುರುತು ಹುಡುಕೋಣವೆಂದರೆ ಅಲ್ಲಿ ಯಾವುದೂ ಇಟ್ಟ ಹಾಗೆ ಉಳಿದಿರಲಿಲ್ಲ.

ಶಾಂತಲಾ ಬಾಗಿಲಲ್ಲೇ ನಿಂತಳು.

"ಅವ್ವನ್ಗೆ ನನ್ ಮ್ಯಾಲೆ ಕ್ವಾಪ," ಎಂದಳು. "ಅಲ್ವಾ ಅಪ್ಪ? ನೀನು ಸುಳ್ಳು ಯೋಳಬ್ಯಾಡ."

ಎಡೆಯ ಮುಂದೆ ನಾನು ಸುಳ್ಳು ಹೇಳಿದವನಲ್ಲ, ಅದು ಅವಳಿಗೂ ಗೊತ್ತು. ಗಾಳಿಗೆ ಬಿತ್ತು ಬಿಡು ಎಂದಿದ್ದರೆ ಅವಳ ಅವ್ವ ಬರಲೇ ಇಲ್ಲವೆಂದು ಹೇಳಿದಂತಾಗುತ್ತಿತ್ತು. ನಾನು ಕೆಳಗೆ ಕೂತು, ಸೀರೆಯ ಒದ್ದೆಯನ್ನು ಮುಟ್ಟಿ ನೋಡಿದೆ. ಆಗ ಕಬಿನಿಯ ನೀರಿನಲ್ಲಿ ತೇಲಿಹೋದ ಬಿಳಿ ಮೊಸರು ನನ್ನ ಕಣ್ಣಿಗೆ ಕಟ್ಟಿತು. ತೊಯ್ದ ಸೆರಗು ಹಿಂಡುತ್ತ ಹೊಳೆಯನ್ನು ಬಯ್ಯುತ್ತಿದ್ದವಳು ಎದುರಿಗೆ ಇದ್ದ ಹಾಗಾಯಿತು.

"ಕ್ವಾಪ ಅಲ್ಲ ಕಣವ್ವ," ಎಂದೆ. "ಬಂದಿದ್ಲು. ತೆಪ್ಪ ಅತ್ತುದ್ರೆ ನಿಮ್ಮವ್ವ ಕೈಲಿರದ್ನ ಉಳಿಸ್ತಿದ್ಲಾ? ಗಡಿಗೆ ಮೊಸರು ಒಳೆಗ್ ಉಯ್ದೋಳು, ತಂಬ್ಗೆ ನೀರು ಬುಟ್ಟಾಳಾ?"

ಶಾಂತಲಾ ನನ್ನ ಮುಖವನ್ನೇ ನೋಡಿದಳು. ಆ ಕಥೆಯನ್ನು ಬೀರಮ್ಮನ ಬಾಯಲ್ಲೇ ಎಷ್ಟೋ ಸಲ ಕೇಳಿದ್ದಳು. ತುಟಿ ನಗುವುದಕ್ಕೆ ಹೊರಟಿತು, ನಗಲಿಲ್ಲ. ಅಲ್ಲೇ ಒದ್ದೆ ನೆಲದ ಮೇಲೆ ಕೂತು, ಸೀರೆಯನ್ನು ಎದೆಗವಚಿಕೊಂಡು ಅವ್ವ ಅವ್ವ ಎಂದು ಅತ್ತಳು. ಐದಾರು ತಿಂಗಳು ಒಳಗೆ ಹಿಡಿದುಕೊಂಡಿದ್ದ ಅಳು. ತೆಳು ಗೋಡೆ, ಇಡೀ ಹಡಗಿಗೆ ಕೇಳಿಸಿರಬೇಕು. ಮುದುಕಿ ಒಳಗೆ ಬಂದು ಅವಳ ಬೆನ್ನ ಮೇಲೆ ಕೈ ಇಟ್ಟಳು. ನಾನು ಮುರಿದ ಮುದ್ದೆಯನ್ನು ಎತ್ತಿ ಎಲೆಗೆ ಹಾಕಿ, ಅವಳು ಅತ್ತು ಮುಗಿಯುವವರೆಗೂ ಕಾದೆ. ಆಮೇಲೆ ಆ ಎಲೆಯಲ್ಲೇ ಅಪ್ಪ ಮಗಳು ಉಂಡೆವು. ಅಡುಗೆಯವನಿಗೂ ಒಂದು ತುತ್ತು ಕೊಟ್ಟೆವು.

ಮರುದಿನ ಗಾಳಿ ನಿಂತಿತ್ತು. ಸೀರೆಯನ್ನು ಮೇಲಿನ ಕಂಬಿಗೆ ಒಣಹಾಕಿ, ಒಣಗಿದ ಮೇಲೆ ಶಾಂತಲಾ ಉಟ್ಟಳು.

ಊರಿಗೆ ಬಂದ ದಿನ ಸಣ್ಣಬೀರಯ್ಯ ಬ್ಯಾರನ್ನಿನ ಮುಂದೆಯೇ ಇದ್ದ. ಮನೆಯ ಎಡೆ ಸಾಂಗವಾಗಿ ನಡೆಯಿತು ಎಂದ. ಆಮೇಲೆ ನನ್ನ ಕಡೆ ನೋಡದೆ ಕೇಳಿದ.

"ಅತ್ಗೆಮ್ಮ ಬಂದಿದ್ರಾ?"

"ಬಂದಿದ್ಲು. ಕಳಸ ಉಳ್ಳಿಸಿ, ಸೀರೆ ತೋಯಿಸಿ ಓದ್ಲು."

ಮೊಸರಿನ ಗಡಿಗೆಯ ಕಥೆ ಅವನಿಗೂ ಗೊತ್ತು. ಅವನು ಒಲೆಯ ಬಾಯಿಗೆ ಒಂದು ಸೌದೆ ನೂಕಿ, ಅದು ಹತ್ತಿಕೊಳ್ಳುವವರೆಗೂ ನೋಡುತ್ತ ಕೂತಿದ್ದ.

"ಅಂಗಾರೆ ಅವ್ರೇ ಬುಡು," ಎಂದ.